ಅಕ್ಷರಕ್ಕೆ ಮೊದಲೇ ಅರಿತ ಮಕ್ಕಳು: ಮರಿಯಾ ಮಾಂಟೆಸ್ಸರಿಯವರ ಬಾಳು

ಆಗಸ್ಟ್ 30ರಂದು ನಮ್ಮ ಇಗರ್ಜಿಗಳಲ್ಲಿ ಮೊಂತಿ ಹಬ್ಬದ ನೊವೆನಾ ಆರಂಭವಾಗುತ್ತದೆ. ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾದವರೆಗೆ, ಮಳೆಯು ಇನ್ನೂ ಪೂರ್ತಿಯಾಗಿ ಹಿಂದೆ ಸರಿಯದ ಆ ದಿನಗಳಲ್ಲಿ, ಅಂಗಳದ ದಾಸವಾಳವನ್ನೂ ಬೇಲಿಯ ಕಾಡುಹೂಗಳನ್ನೂ ಪುಟ್ಟ ಬುಟ್ಟಿಗಳಲ್ಲಿ ತುಂಬಿಕೊಂಡು ಮಕ್ಕಳು ಮಾತೆ ಮರಿಯಮ್ಮನವರ ಪ್ರತಿಮೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತಾರೆ. ಆ ಸಾಲಿನ ಮುಂಭಾಗದಲ್ಲಿ ಮೂರು ವರ್ಷದ ಮಕ್ಕಳೂ ಇರುತ್ತಾರೆ. ಅವರ ಕೈಯಲ್ಲಿ ಗೀತೆಯ ಪುಸ್ತಕವಿಲ್ಲ. ಇದ್ದರೂ ಓದಲು ಬಾರದು. ಆದರೂ ಹಾಡಿನ ಯಾವ ತಿರುವಿನಲ್ಲಿ ಹೂವೆರಚಬೇಕು ಎಂಬುದು ಅವರಿಗೆ ಗೊತ್ತು. ಒಂಬತ್ತು ದಿನ ಕಳೆದ ಮೇಲೆ ಹೊಸ ತೆನೆ ಮನೆಗೆ ಬರುತ್ತದೆ, ಅಂದು ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತೇವೆ, ಪ್ರಾರ್ಥನೆ ಮುಗಿಯುವ ಮೊದಲು ಎಲೆಗೆ ಕೈಹಾಕಬಾರದು ಎಂಬುದೂ ಗೊತ್ತು. ಇವನ್ನೆಲ್ಲ ಪಾಟಿಯ ಮೇಲೆ ಬರೆದು ಅವರಿಗೆ ಕಲಿಸಿದವರು ಯಾರೂ ಇಲ್ಲ.

ಆದರೆ ಹಬ್ಬದ ಮನೆಗೆ ಬಂದ ನೆಂಟರು ಮಗುವನ್ನು ಕಂಡೊಡನೆ ಕೇಳುವ ಪ್ರಶ್ನೆ ಬೇರೆ. ಹೆಸರು ಬರೆಯಲು ಬರುತ್ತದೆಯೇ, ಇಂಗ್ಲಿಷಿನ ಎಷ್ಟು ಅಕ್ಷರ ಬರುತ್ತವೆ, ಎಂದು ಕೇಳುತ್ತೇವೆ. ಇನ್ನೂ ಬಂದಿಲ್ಲವೆಂದು ತಾಯಿ ನಾಚಿ ತಲೆತಗ್ಗಿಸುವುದನ್ನೂ, ಅದನ್ನು ಕಂಡ ಮಗು ಅವಳ ಸೆರಗಿನ ಹಿಂದೆ ಅಡಗುವುದನ್ನೂ ನಾವು ಕಂಡಿದ್ದೇವೆ. ಬಹುಶಃ ಆ ಪ್ರಶ್ನೆ ಕೇಳಿದವರಲ್ಲಿ ನಾವೂ ಒಬ್ಬರಾಗಿದ್ದೇವೆ.

ಅಕ್ಷರ ಕಲಿಯುವ ಮೊದಲೇ ಮಗುವಿನೊಳಗೆ ಅರಿವಿನ ದೊಡ್ಡ ಕೆಲಸವೊಂದು ನಡೆದಿರುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟ ಕಥೋಲಿಕ ಮಹಿಳೆಯೊಬ್ಬರ ಜನ್ಮದಿನ ಇದೇ ನೊವೆನಾದ ಎರಡನೆಯ ದಿನ ಬರುತ್ತದೆ. ಅವರೇ ಡಾಕ್ಟರ್ ಮರಿಯಾ ಮಾಂಟೆಸ್ಸರಿ. ಅವರ ಹೆಸರನ್ನು ಶಾಲೆಗಳ ಫಲಕದ ಮೇಲೆ ನಾವೆಲ್ಲ ಓದಿದ್ದೇವೆ. ಆ ಹೆಸರಿನ ಹಿಂದಿರುವ ಬಾಳನ್ನು ಬಲ್ಲವರು ಮಾತ್ರ ಕಡಿಮೆ.

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಆಂಕೋನಾ ಪ್ರಾಂತದ ಕಿಯಾರಾವಾಲ್ಲೆ ಎಂಬ ಊರಿನಲ್ಲಿ. ತಂದೆ ಅಲೆಸ್ಸಾಂಡ್ರೊ ಸರಕಾರಿ ಅಧಿಕಾರಿ. ತಾಯಿ ರೆನಿಲ್ಡೆ ಓದಿನಲ್ಲಿ ಆಸಕ್ತಿಯುಳ್ಳ, ದೈವಭಕ್ತೆಯಾದ ಗೃಹಿಣಿ. ಮಗಳು ಐದು ವರ್ಷದವಳಾಗಿದ್ದಾಗ ಕುಟುಂಬವು ರೋಮ್ ನಗರಕ್ಕೆ ಬಂದು ನೆಲೆಸಿತು. ಹೆಣ್ಣುಮಕ್ಕಳು ಹೆಚ್ಚೆಂದರೆ ಶಿಕ್ಷಕಿಯರಾಗಬಹುದು ಎಂದು ಜನ ಭಾವಿಸಿದ್ದ ಕಾಲವದು. ಮರಿಯಾ ಮೊದಲು ತಾಂತ್ರಿಕ ಶಾಲೆಗೆ ಸೇರಿದರು. ಬಳಿಕ ವೈದ್ಯಶಾಸ್ತ್ರವನ್ನು ಆರಿಸಿಕೊಂಡರು. ತಂದೆಗೆ ಇದು ಹಿಡಿಸಲಿಲ್ಲ. ತಾಯಿ ಬೆಂಬಲಕ್ಕೆ ನಿಂತರು. ಗಂಡಸರ ನಡುವೆ ಹೆಂಗಸೊಬ್ಬಳು ಶವವನ್ನು ಪರೀಕ್ಷಿಸುವುದು ಮರ್ಯಾದೆಯಲ್ಲವೆಂದು, ಎಲ್ಲರೂ ಹೊರಟುಹೋದ ಮೇಲೆ ಆ ಕೋಣೆಯಲ್ಲಿ ಅವರೊಬ್ಬರೇ ಕೆಲಸ ಮಾಡಬೇಕಾಗುತ್ತಿತ್ತು. 1896ರಲ್ಲಿ ಅವರು ರೋಮ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಇಟಲಿಯಲ್ಲಿ ಆ ಪದವಿ ಗಳಿಸಿದ ಮೊದಲ ಕೆಲವೇ ಮಹಿಳೆಯರಲ್ಲಿ ಅವರೂ ಒಬ್ಬರು.

ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಕೆಲಸಕ್ಕೆ ಸೇರಿದ ಅವರು ರೋಮಿನ ಹುಚ್ಚಾಸ್ಪತ್ರೆಗಳಿಗೆ ಹೋಗಿಬರುತ್ತಿದ್ದರು. ಬುದ್ಧಿಮಾಂದ್ಯರೆಂದು ಕರೆಯಲ್ಪಟ್ಟ ಮಕ್ಕಳನ್ನು ಆಗ ಅಲ್ಲಿಯೇ ಕೂಡಿಹಾಕುತ್ತಿದ್ದರು. ಊಟವಾದ ಮೇಲೆ ಈ ಮಕ್ಕಳು ನೆಲಕ್ಕೆ ಬಿದ್ದ ರೊಟ್ಟಿಯ ಚೂರುಗಳಿಗಾಗಿ ಮುಗಿಬೀಳುತ್ತಾರೆಂದು ಅವರನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಒಮ್ಮೆ ಅಸಹ್ಯದಿಂದ ದೂರಿದಳಂತೆ. ಮರಿಯಾ ಆ ಕೋಣೆಯನ್ನು ಸುತ್ತಲೂ ನೋಡಿದರು. ಬರಿಯ ಗೋಡೆ, ಬರಿಯ ನೆಲ. ಮಕ್ಕಳು ಮುಟ್ಟಲು, ತಿರುಗಿಸಿ ನೋಡಲು ಅಲ್ಲಿ ಒಂದು ವಸ್ತುವೂ ಇರಲಿಲ್ಲ. ಆ ಚೂರುಗಳನ್ನು ಹುಡುಕುತ್ತಿದ್ದುದು ಹೊಟ್ಟೆಯಲ್ಲ, ಕೈಗಳು ಎಂದು ಅವರಿಗೆ ಹೊಳೆಯಿತು. ಕೈಗೆ ಕೆಲಸವಿಲ್ಲದೆಡೆ ಬುದ್ಧಿಗೂ ಆಹಾರವಿಲ್ಲ ಎಂಬ ಅವರ ಮುಂದಿನ ವಿಚಾರಗಳೆಲ್ಲಕ್ಕೂ ಇದು ಬೀಜವಾಯಿತು.

ಇಂಥ ಮಕ್ಕಳಿಗಾಗಿ ದುಡಿದಿದ್ದ ಇಟಾರ್ ಮತ್ತು ಸೆಗೆನ್ ಎಂಬ ಫ್ರಾನ್ಸಿನ ಇಬ್ಬರು ವೈದ್ಯರ ಗ್ರಂಥಗಳನ್ನು ಮರಿಯಾ ತಮ್ಮ ಕೈಯಾರೆ ಇಟಾಲಿಯನ್ ಭಾಷೆಗೆ ಬರೆದುಕೊಂಡು ಅಭ್ಯಸಿಸಿದರು. 1900ರಲ್ಲಿ ರೋಮಿನಲ್ಲಿ ಆರಂಭವಾದ ವಿಶೇಷ ಶಾಲೆಯ ಹೊಣೆ ಅವರ ಮೇಲೆ ಬಿತ್ತು. ಬೆಳಗಿನಿಂದ ಸಂಜೆಯವರೆಗೆ ಅವರು ಮಕ್ಕಳ ನಡುವೆಯೇ ಇದ್ದರು. ಅವರಲ್ಲಿ ಕೆಲವರು ಸಾಮಾನ್ಯ ಶಾಲೆಯ ಮಕ್ಕಳೊಂದಿಗೆ ಓದುಬರಹದ ಪರೀಕ್ಷೆಗೆ ಕುಳಿತು ತೇರ್ಗಡೆಯಾದಾಗ ಜನ ಬೆರಗಾದರು. ಮರಿಯಾರಿಗೆ ಮಾತ್ರ ಬೇರೊಂದು ಪ್ರಶ್ನೆ ಕಾಡಿತು. ಈ ಮಕ್ಕಳು ಇಷ್ಟು ಮಾಡಬಲ್ಲರಾದರೆ, ಆರೋಗ್ಯವಂತ ಮಕ್ಕಳನ್ನು ನಮ್ಮ ಶಾಲೆಗಳು ಇದೇ ಮಟ್ಟದಲ್ಲಿ ಕಟ್ಟಿಹಾಕಿರುವುದೇಕೆ?

ಇದೇ ವರ್ಷಗಳಲ್ಲಿ ಅವರ ಸ್ವಂತ ಬಾಳಿನಲ್ಲಿ ದೊಡ್ಡದೊಂದು ನೋವು ನಡೆದುಹೋಗಿತ್ತು. ಸಹೋದ್ಯೋಗಿ ವೈದ್ಯರೊಬ್ಬರಿಂದ 1898ರಲ್ಲಿ ಅವರಿಗೆ ಗಂಡುಮಗುವೊಂದು ಜನಿಸಿತು, ವಿವಾಹ ನಡೆಯಲಿಲ್ಲ. ಅಂದಿನ ಸಮಾಜದ ಭಯದಿಂದ ಮಗುವನ್ನು ಹಳ್ಳಿಯ ಕುಟುಂಬವೊಂದರಲ್ಲಿ ಬೆಳೆಯಲು ಬಿಡಲಾಯಿತು. ತಾಯಿ ಆಗಾಗ ಹೋಗಿ ನೋಡಿಬರುತ್ತಿದ್ದರು, ಆದರೆ ತಾಯಿಯೆಂದು ಹೇಳಿಕೊಳ್ಳುವಂತಿರಲಿಲ್ಲ. ಮಾರಿಯೊ ಎಂಬ ಆ ಮಗ ಅವರ ಬಳಿಗೆ ಬಂದುದು ಹದಿನೈದರ ಹರೆಯದಲ್ಲಿ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ತೀರ್ಪು ಕೊಡುವ ಅಧಿಕಾರವೂ ನಮಗಿಲ್ಲ. ಊರ ಮಕ್ಕಳನ್ನೆಲ್ಲ ಅಷ್ಟು ಮಮತೆಯಿಂದ ಗಮನಿಸಿದ ಆ ಕಣ್ಣುಗಳಿಗೆ ತನ್ನ ಮಗುವಿನ ಮೊದಲ ಹೆಜ್ಜೆಗಳನ್ನು ದಿನವೂ ನೋಡುವ ಭಾಗ್ಯವಿರಲಿಲ್ಲ ಎಂಬುದನ್ನಷ್ಟೇ ನೆನೆಯೋಣ.

1907ರ ಜನವರಿ 6, ಮೂವರು ರಾಯರ ಹಬ್ಬದ ದಿನ. ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಹೊಸದಾಗಿ ದುರಸ್ತಿಯಾದ ವಸತಿಗೃಹವೊಂದಿತ್ತು. ಅಲ್ಲಿನ ತಂದೆತಾಯಿಗಳು ಬೆಳಗ್ಗೆ ಕೂಲಿಗೆ ಹೋದರೆ ಕತ್ತಲಾದ ಮೇಲೆ ಹಿಂದಿರುಗುವವರು. ಮನೆಯಲ್ಲುಳಿದ ಮಕ್ಕಳು ಗೋಡೆ, ಮೆಟ್ಟಿಲುಗಳನ್ನು ಹಾಳುಮಾಡುತ್ತಾರೆಂದು, ಅವರನ್ನು ಒಂದೆಡೆ ಕೂಡಿಸಲು ಕಟ್ಟಡದ ಒಡೆಯರು ಕೋಣೆಯೊಂದನ್ನು ಬಿಟ್ಟುಕೊಟ್ಟರು. ಎರಡರಿಂದ ಆರು ವರ್ಷದೊಳಗಿನ ಸುಮಾರು 50 ಮಕ್ಕಳು; ಅಳುವವರು, ಅಂಜುವವರು. ಶಿಕ್ಷಕಿಯ ತರಬೇತಿ ಪಡೆಯದ ಸಾಮಾನ್ಯ ಹೆಣ್ಣುಮಗಳೊಬ್ಬಳು ಅವರನ್ನು ನೋಡಿಕೊಳ್ಳಲು ನೇಮಕವಾದಳು. ಹಿರಿಯರಿಗೆ ಅನುಕೂಲವಾಗಲೆಂದು ತೆರೆದ ಆ ಕೋಣೆಗೆ ಮಕ್ಕಳ ಮನೆ ಎಂದು ಹೆಸರಾಯಿತು. ಮೇಲ್ವಿಚಾರಣೆಗೆ ಬಂದ ಡಾಕ್ಟರ್ ಮರಿಯಾ ಅಲ್ಲಿ ಮಾಡಿದ ಮುಖ್ಯ ಕೆಲಸವೆಂದರೆ ಸುಮ್ಮನೆ ಕುಳಿತು ನೋಡಿದ್ದು.

ಒಂದು ದಿನ ಮೂರು ವರ್ಷದ ಹುಡುಗಿಯೊಬ್ಬಳು ಮರದ ಉರುಟು ಗಟ್ಟಿಗಳನ್ನು ಅವುಗಳ ಅಳತೆಯ ಗುಳಿಗಳಲ್ಲಿ ಕೂರಿಸುವುದು, ಹೊರತೆಗೆಯುವುದು, ಮತ್ತೆ ಕೂರಿಸುವುದು, ಹೀಗೆ ಮಾಡುತ್ತಿದ್ದಳು. ಮರಿಯಾ ಎಣಿಸತೊಡಗಿದರು. ಉಳಿದ ಮಕ್ಕಳನ್ನು ಅವಳ ಸುತ್ತ ಹಾಡಿಸಿದರು, ಕುಣಿಸಿದರು, ಅವಳು ತಲೆಯೆತ್ತಲಿಲ್ಲ. ಕುರ್ಚಿಯ ಸಮೇತ ಅವಳನ್ನೆತ್ತಿ ಮೇಜಿನ ಮೇಲಿಟ್ಟರು. ಗಟ್ಟಿಗಳನ್ನು ಮಡಿಲಿಗೆ ಸೆಳೆದುಕೊಂಡು ಅಲ್ಲಿಯೂ ಕೆಲಸ ಮುಂದುವರಿಸಿದಳು. 40ಕ್ಕೂ ಹೆಚ್ಚು ಬಾರಿ ಮಾಡಿದ ಮೇಲೆ, ಒಳ್ಳೆಯ ನಿದ್ದೆಯಿಂದ ಎದ್ದವಳಂತೆ ಪ್ರಸನ್ನಳಾಗಿ ಕಣ್ಣೆತ್ತಿ ಸುತ್ತಲೂ ನೋಡಿದಳು. ಚಿಕ್ಕ ಮಕ್ಕಳ ಮನಸ್ಸು ಒಂದೆಡೆ ನಿಲ್ಲುವುದಿಲ್ಲವೆಂದು ಹಿರಿಯರು ಹೇಳುತ್ತಾರೆ. ತನಗೆ ಬೇಕಾದ ಕೆಲಸ ಸಿಕ್ಕಿದರೆ ಮಗುವಿನ ಮನಸ್ಸು ಋಷಿಯ ಮನಸ್ಸಿನಂತೆ ನಿಲ್ಲಬಲ್ಲುದೆಂದು ಅಂದು ಮರಿಯಾ ಕಂಡರು.

ಮಾತೇ ಬಾರದ ಶಿಶುವಿನ ವಿಷಯದಲ್ಲಿ ಅವರು ದಾಖಲಿಸಿದ ಸಂಗತಿಯೊಂದು ಮಳೆನಾಡಿನ ನಮಗೆ ಇನ್ನಷ್ಟು ಹತ್ತಿರದ್ದು. ಆರು ತಿಂಗಳ ಕೂಸಿದ್ದ ಕೋಣೆಗೆ ಬಂದ ಹೆಂಗಸೊಬ್ಬರು ತಮ್ಮ ಕೊಡೆಯನ್ನು ಮೇಜಿನ ಮೇಲಿಟ್ಟರು. ಕೂಸು ಅದನ್ನೇ ದಿಟ್ಟಿಸಿ ಅಳಲಾರಂಭಿಸಿತು. ಕೊಡೆ ಬೇಕೇನೋ ಎಂದು ಹತ್ತಿರ ತಂದರೆ ದೂಡಿತು, ಅಳು ಹೆಚ್ಚಾಯಿತು. ಕೊನೆಗೆ ತಾಯಿ ಏನೋ ಹೊಳೆದವಳಂತೆ ಕೊಡೆಯನ್ನು ಪಕ್ಕದ ಕೋಣೆಗೆ ಒಯ್ದಿಟ್ಟಳು. ಕೂಸು ತಟ್ಟನೆ ಶಾಂತವಾಯಿತು. ಮೇಜಿನ ಮೇಲೆ ಕೊಡೆ ಇರಬಾರದು ಎಂಬುದೇ ಅದರ ದೂರಾಗಿತ್ತು. ಯಾವುದು ಎಲ್ಲಿರುತ್ತದೆ, ಯಾವುದರ ನಂತರ ಯಾವುದು ಬರುತ್ತದೆ ಎಂಬುದನ್ನು ಆ ಕೂಸು ಆಗಲೇ ತನ್ನೊಳಗೆ ಬರೆದಿಟ್ಟುಕೊಂಡಿತ್ತು. ಆ ಬರಹ ತಪ್ಪಿದಾಗ ಅದು ಅತ್ತಿತು. ನಾವಾದರೋ ಇಂಥ ಅಳುವಿಗೆ ಹಟವೆಂದು ಹೆಸರಿಟ್ಟುಬಿಡುತ್ತೇವೆ.

ಇನ್ನು ಅಕ್ಷರದ ವಿಷಯ. ಇಷ್ಟು ಚಿಕ್ಕ ವಯಸ್ಸಿಗೆ ಓದುಬರಹ ಬೇಡವೆಂದೇ ಮರಿಯಾ ಮೊದಲು ಎಣಿಸಿದ್ದರು. ಆದರೆ ತಾವೇ ಅಕ್ಷರವರಿಯದ ಸಾನ್ ಲೊರೆಂಜೊದ ತಾಯಂದಿರು ಬಂದು, ಮಕ್ಕಳಿಗೆ ಬರೆಯಲು ಕಲಿಸಿಕೊಡಿರೆಂದು ಬೇಡಿಕೊಂಡರು. ಮರದ ಅಕ್ಷರಗಳನ್ನು ಮಾಡಿಸಲು ಹಣವಿರಲಿಲ್ಲ. ಆದುದರಿಂದ ಬಡಗಿಗಳು ಮರ ಉಜ್ಜಲು ಬಳಸುವ ಮರಳುಕಾಗದವನ್ನು ಅಕ್ಷರಗಳಾಗಿ ಕತ್ತರಿಸಿ ರಟ್ಟಿಗೆ ಅಂಟಿಸಿದರು. ಮಕ್ಕಳು ಆ ಒರಟು ಅಕ್ಷರದ ಮೇಲೆ ಬೆರಳಾಡಿಸುತ್ತ ಅದರ ಧ್ವನಿಯನ್ನು ಉಚ್ಚರಿಸಿದರು. ಬೇರೆ ಕಾಗದದಿಂದ ಕತ್ತರಿಸಿದ ಬಿಡಿ ಅಕ್ಷರಗಳನ್ನು ಜೋಡಿಸಿ, ತಾವು ಆಡುವ ಮಾತುಗಳನ್ನೇ ನೆಲದ ಮೇಲೆ ಕಟ್ಟಿದರು. ತಪ್ಪು ತಿದ್ದುವ ಕೆಂಪು ಶಾಯಿ ಇರಲಿಲ್ಲ; ಇಂತಿಷ್ಟು ದಿನದಲ್ಲಿ ಬರೆಯಬೇಕೆಂಬ ಅವಸರವೂ ಇರಲಿಲ್ಲ.

ಆ ವರ್ಷದ ಡಿಸೆಂಬರಿನ ಒಂದು ದಿನ ಎಳೆಬಿಸಿಲಿತ್ತು. ಮಕ್ಕಳೊಂದಿಗೆ ಮರಿಯಾ ಕಟ್ಟಡದ ಮಾಳಿಗೆಯ ಮೇಲಿದ್ದರು. ಪಕ್ಕದಲ್ಲಿದ್ದ ಐದು ವರ್ಷದ ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟು, ಎದುರಿನ ಹೊಗೆಗೂಡಿನ ಚಿತ್ರ ಬರೆಯಲು ಹೇಳಿದರು. ಅವನು ನೆಲದ ಹೆಂಚುಗಳ ಮೇಲೆ ಅದನ್ನು ಬರೆದ. ಮೆಚ್ಚಿದಾಗ ನಕ್ಕು, ಒಂದು ಕ್ಷಣ ತಡೆದು, ಸಂತೋಷ ಉಕ್ಕಿ ತನಗೆ ಬರೆಯಲು ಬರುತ್ತದೆಂದು ಕೂಗಿದ. ಬಗ್ಗಿ ಕೈ ಎಂಬ ಪದ ಬರೆದ. ಬಳಿಕ ಹೊಗೆಗೂಡು, ಬಳಿಕ ಮಾಡು. ಅವನ ಕೂಗು ಕೇಳಿ ಬಂದ ಇತರ ಮಕ್ಕಳಲ್ಲಿ ಕೆಲವರು ನಡುಗುವ ಕೈಯಲ್ಲಿ ಸೀಮೆಸುಣ್ಣ ಬೇಡಿ ತಾವೂ ಬರೆದರು. ಮುಂದಿನ ದಿನಗಳಲ್ಲಿ ನೆಲ, ಬಾಗಿಲು, ಗೋಡೆಗಳೆಲ್ಲ ಬರಹದಿಂದ ತುಂಬಿದವು. ಹೀಗೆ ಬರಹ ಮೊದಲು ಬಂತು. ಓದು ಅದರ ಹಿಂದೆ ಬಂತು. ಆಮೇಲೆ ಒಂದು ದಿನ ಹುಡುಗನೊಬ್ಬ ಮುದುಡಿದ ಕಾಗದದ ತುಂಡೊಂದನ್ನು ಮುಷ್ಟಿಯಲ್ಲಿ ಬಚ್ಚಿಟ್ಟು ತಂದು, ಅದರೊಳಗೊಂದು ಕಥೆಯಿದೆ ಎಂದು ಗುಟ್ಟು ಹೇಳಿದನಂತೆ. ಕಾಗದವು ಮಾತಾಡಬಲ್ಲುದೆಂದು ತಾನಾಗಿ ಕಂಡುಕೊಂಡ ಮಗುವಿಗೆ ಓದಿನ ರುಚಿಯನ್ನು ಬೇರೆ ಯಾರೂ ಹತ್ತಿಸಬೇಕಾಗಲಿಲ್ಲ.

ಆ ಹುಡುಗನಿಗೆ ಬರಹ ಒಂದೇ ದಿನದಲ್ಲಿ ಬಂದುದಲ್ಲ ಎಂಬುದನ್ನು ನಾವು ಮರೆಯಬಾರದು. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಅವನ ಕೈ ಗಟ್ಟಿಗಳನ್ನು ಹಿಡಿದಿತ್ತು, ಗುಂಡಿ ಹಾಕಿತ್ತು, ಒರಟು ನುಣುಪುಗಳನ್ನು ತಡವಿತ್ತು. ಅವನ ಕಿವಿ ಧ್ವನಿಗಳನ್ನು ಬೇರ್ಪಡಿಸಿತ್ತು. ಅವನ ಕಣ್ಣು ಹಿರಿದು ಕಿರಿದುಗಳನ್ನು ಅಳೆದಿತ್ತು.

ಈ ಸಿದ್ಧತೆ ನಮ್ಮ ಮೂರು ತಾಲ್ಲೂಕುಗಳ ಮಕ್ಕಳಲ್ಲಿ ನಡೆಯುವುದಿಲ್ಲವೇ? ಅಘನಾಶಿನಿಯ ದಂಡೆಯಲ್ಲಿ ಅಮ್ಮನೊಂದಿಗೆ ಬಳಚು ಆಯಲು ಹೋದ ಮಗು ಚಿಪ್ಪುಗಳನ್ನು ಹಿರಿದು ಕಿರಿದೆಂದು ಸಾಲಾಗಿ ಜೋಡಿಸುತ್ತದೆ. ಹೊನ್ನಾವರದ ಬಂದರಿನ ಮಗು ಬಂಗಡೆಯನ್ನೂ ತಾರ್ಲೆಯನ್ನೂ ಒಂದೇ ನೋಟಕ್ಕೆ ಗುರುತಿಸುತ್ತದೆ. ಭಟ್ಕಳದ ಅಂಗಳದಲ್ಲಿ ಮಲ್ಲಿಗೆ ಕಟ್ಟುವ ಅಜ್ಜಿಯ ಪಕ್ಕ ಕುಳಿತ ಮಗು ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ ಎಂಬ ಲೆಕ್ಕವನ್ನು ಬೆರಳಿನಿಂದಲೇ ಕಲಿಯುತ್ತದೆ. ರಾತ್ರಿ ಯಕ್ಷಗಾನ ನೋಡಿ ಬಂದ ಮಗು ಮರುದಿನ ಟವೆಲನ್ನು ತಲೆಗೆ ಸುತ್ತಿ, ಬೆತ್ತವನ್ನು ಬಿಲ್ಲಾಗಿಸಿ ಕುಣಿಯುತ್ತದೆ. ಒಂದು ವಸ್ತು ಮತ್ತೊಂದಕ್ಕೆ ಸಂಕೇತವಾಗಬಲ್ಲುದೆಂದು ಅದು ಅರಿತಿದೆ. ಅಕ್ಷರವೆಂದರೂ ಧ್ವನಿಗೆ ನಿಂತ ಒಂದು ಸಂಕೇತ. ಬೆತ್ತವನ್ನು ಬಿಲ್ಲಾಗಿಸಿದ ಮಗು ಅಕ್ಷರದ ಹೊಸ್ತಿಲಿಗೆ ಆಗಲೇ ಬಂದು ನಿಂತಿದೆ.

ಭಾಷೆಯ ವಿಷಯವೂ ಹೀಗೆಯೇ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ, ಭಟ್ಕಳವಾದರೆ ನೆರೆಮನೆಯ ನವಾಯತಿ. ಯಾರೊಡನೆ ಯಾವುದನ್ನು ಆಡಬೇಕೆಂಬುದನ್ನು ನಮ್ಮ ನಾಲ್ಕು ವರ್ಷದ ಮಕ್ಕಳು ತಪ್ಪದೆ ಬಲ್ಲರು. ಅಂಥ ಮಗು ಶಾಲೆಯ ಮೊದಲ ದಿನ, ತನಗೆ ಕಿವಿಪರಿಚಯವಿಲ್ಲದ ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರಿಸದೆ ನಿಂತರೆ ಮಂಕೆಂದು ಎಣಿಸಿಬಿಡುತ್ತೇವೆ. ನಿಜಕ್ಕೂ ಅಲ್ಲಿ ಕಿವುಡಾದವರು ಯಾರು?

ಮಕ್ಕಳ ಮನೆಯ ಸುದ್ದಿ ದೇಶದೇಶಗಳಿಗೆ ಹರಡಿತು. 1909ರಲ್ಲಿ ಅವರ ಮೊದಲ ದೊಡ್ಡ ಗ್ರಂಥ ಪ್ರಕಟವಾಯಿತು. 1915ರ ಹೊತ್ತಿಗೆ ಬಾರ್ಸೆಲೋನಾದಲ್ಲಿ ಅವರ ವಿಧಾನದ ಶಾಲೆ ಆರಂಭವಾಗಿತ್ತು. ಧರ್ಮೋಪದೇಶವನ್ನು ಪ್ರಶ್ನೋತ್ತರಗಳ ಬಾಯಿಪಾಠಕ್ಕೆ ಸೀಮಿತಗೊಳಿಸದ ಪ್ರಯೋಗವೊಂದನ್ನು ಅವರು ಅಲ್ಲಿ ನಡೆಸಿದರು. ಮಕ್ಕಳ ಅಳತೆಗೆ ತಕ್ಕ ಪೀಠ, ಮೇಣದ ಬತ್ತಿ, ಪೂಜಾಪಾತ್ರೆಗಳನ್ನು ಅಣಿಮಾಡಿದರು. ಮಕ್ಕಳೇ ಗೋಧಿ ಬಿತ್ತಿದರು, ದ್ರಾಕ್ಷಿಬಳ್ಳಿ ಬೆಳೆಸಿದರು. ಆ ಬೆಳೆ ಬಲಿಪೂಜೆಯ ರೊಟ್ಟಿಯೂ ದ್ರಾಕ್ಷಾರಸವೂ ಆಯಿತು. ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಮಕ್ಕಳ ಕೈಗೆ ಕೊಡುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಂತರದ ವರ್ಷಗಳು ಅಲೆದಾಟದವು. ಮೊದಮೊದಲು ಬೆಂಬಲಿಸಿದ್ದ ಮುಸೊಲಿನಿಯ ಸರಕಾರ ಮಕ್ಕಳನ್ನು ತನ್ನ ಪಡೆಯ ಸಿಪಾಯಿಗಳನ್ನಾಗಿಸಲು ಹೊರಟಿತು. ಮರಿಯಾ ಒಪ್ಪಲಿಲ್ಲ, 1934ರ ಸುಮಾರಿಗೆ ಇಟಲಿಯಲ್ಲಿ ಅವರ ಶಾಲೆಗಳು ಮುಚ್ಚಿದವು. 1936ರಲ್ಲಿ ಸ್ಪೇನಿನ ಅಂತರ್ಯುದ್ಧದಿಂದಾಗಿ ಬಾರ್ಸೆಲೋನಾವನ್ನೂ ಬಿಟ್ಟು ಅವರು ನೆದರ್‌ಲ್ಯಾಂಡ್ಸ್ ಸೇರಿದರು.

1939ರ ಕೊನೆಯಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮಗ ಮಾರಿಯೊ ಅವರೊಂದಿಗೆ ಮದರಾಸಿನ ಅಡ್ಯಾರಿಗೆ ಬಂದರು. ಅಲ್ಲಿ ನಡೆದ ಮೊದಲ ತರಬೇತಿಗೆ ದೇಶದ ನಾನಾ ಭಾಗಗಳಿಂದ ಸುಮಾರು 300 ಮಂದಿ ಸೇರಿದರು. ಕೆಲವೇ ತಿಂಗಳುಗಳಿಗೆಂದು ಬಂದವರನ್ನು ಯುದ್ಧ ತಡೆಯಿತು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಇಬ್ಬರೂ ಬ್ರಿಟಿಷರ ಪಾಲಿಗೆ ಶತ್ರುದೇಶದವರಾದರು. ಮಾರಿಯೊ ಅವರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಬಂಧಿಸಿಟ್ಟರು. ಮರಿಯಾ ಅಡ್ಯಾರಿನ ಆವರಣ ಬಿಟ್ಟು ಹೋಗುವಂತಿರಲಿಲ್ಲ. ಅದೇ ಆಗಸ್ಟ್ 31ರಂದು ಅವರಿಗೆ 70 ತುಂಬಿತು. ಹುಟ್ಟುಹಬ್ಬದ ಕಾಣಿಕೆಯಾಗಿ ಮಗನನ್ನು ಬಿಡುಗಡೆ ಮಾಡುವುದಾಗಿ ವೈಸರಾಯರಿಂದ ತಂತಿ ಬಂತು. ಅಲ್ಲಿಯವರೆಗೆ ಲೋಕದ ಕಣ್ಣಿಗೆ ಸೋದರಳಿಯ, ಸಾಕುಮಗ ಎಂದೆಲ್ಲ ಅನಿಸಿಕೊಂಡಿದ್ದ ಮಾರಿಯೊ ಅವರನ್ನು ಆ ತಂತಿ ಅವರ ಮಗನೆಂದೇ ಕರೆದಿತ್ತು. ನಮ್ಮ ನೆಲದಲ್ಲಿ, 42 ವರ್ಷಗಳ ಬಳಿಕ, ಆ ತಾಯಿಗೆ ಆ ಮಾತು ದಕ್ಕಿತು.

ಮುಂದೆ ಕೊಡೈಕನಾಲಿನಲ್ಲಿಯೂ ಅಹಮದಾಬಾದ್ ಮೊದಲಾದ ನಗರಗಳಲ್ಲಿಯೂ ತರಬೇತಿ ನಡೆಸಿ ಸಾವಿರಾರು ಮಕ್ಕಳಿಗೆ ಗುರುಗಳನ್ನು ಸಿದ್ಧಪಡಿಸಿದರು. ಇಲ್ಲಿ ನೀಡಿದ ಉಪನ್ಯಾಸಗಳಿಂದ ರೂಪುಗೊಂಡ ಅವರ ಪ್ರಸಿದ್ಧ ಗ್ರಂಥ 1949ರಲ್ಲಿ ಅಡ್ಯಾರಿನಿಂದಲೇ ಹೊರಬಂತು. ಹುಟ್ಟಿದಂದಿನಿಂದ ಆರು ವರ್ಷದವರೆಗೆ ಮಗುವಿನ ಮನಸ್ಸು ಸುತ್ತಲಿನ ಲೋಕವನ್ನು ಹೀರಿಕೊಂಡು ತನ್ನದಾಗಿಸಿಕೊಳ್ಳುತ್ತದೆ ಎಂಬುದೇ ಅದರ ಸಾರ. ತಾಯಿ ಹೋದೆಡೆಯೆಲ್ಲ ಕೂಸನ್ನು ಹೊತ್ತೊಯ್ಯುವ ಪದ್ಧತಿಯನ್ನು ಅವರು ಅದರಲ್ಲಿ ಮೆಚ್ಚಿದ್ದಾರೆ. ಸಂತೆಯ ಚೌಕಾಸಿ, ಹಾದಿಯ ಕುಶಲಪ್ರಶ್ನೆ, ಎಲ್ಲವನ್ನೂ ಕೇಳುತ್ತ ನೋಡುತ್ತ ಮಗು ಲೋಕವನ್ನು ಕಲಿಯುತ್ತದೆ.

ಅವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕೆಂದಿಲ್ಲ. ಎಳೆಯ ಮಕ್ಕಳಿಗೆ ಅದ್ಭುತ ಕಥೆಗಳನ್ನು ಹೇಳುವುದು ಅವರಿಗೆ ಅಷ್ಟಾಗಿ ಹಿತವಾಗಿರಲಿಲ್ಲ. ಅವರ ವಿಧಾನವನ್ನು 1920ರಲ್ಲಿಯೇ ಗುಜರಾತಿನ ಭಾವನಗರಕ್ಕೆ ತಂದ ಗಿಜುಭಾಯಿ ಬಧೇಕ ಅವರು ಮಾತ್ರ ಕಥೆಯನ್ನು ಬಿಡಲಿಲ್ಲ. ಅದಕ್ಕೇ ದೊಡ್ಡ ಸ್ಥಾನ ಕೊಟ್ಟರು. ಅಜ್ಜಿಯ ಮಡಿಲಲ್ಲಿ ಕಥೆ ಕೇಳಿ ಬೆಳೆದ ನಾವು ಗಿಜುಭಾಯಿಯವರ ಕಡೆಗೇ ವಾಲುತ್ತೇವೆ.

ಮರಿಯಾ ಮಾಂಟೆಸ್ಸರಿಯವರು 1952ರ ಮೇ 6ರಂದು ನೆದರ್‌ಲ್ಯಾಂಡ್ಸಿನ ನೋರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ ತೀರಿಕೊಂಡರು. ಅಲ್ಲಿನ ಕಥೋಲಿಕ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ನೊಬೆಲ್ ಶಾಂತಿ ಪ್ರಶಸ್ತಿಗೆ ಮೂರು ಬಾರಿ ಅವರ ಹೆಸರು ಸೂಚಿತವಾಗಿತ್ತು, ಪ್ರಶಸ್ತಿ ಬರಲಿಲ್ಲ. ಅದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೊಂದು. ಅಕ್ಷರವರಿಯದ ಕೂಲಿಕಾರರ ಮಕ್ಕಳ ನಡುವೆ ಹುಟ್ಟಿದ ವಿಧಾನದ ಹೆಸರು ಇಂದು ಎಷ್ಟೋ ಕಡೆ ದುಬಾರಿ ಶುಲ್ಕದ ಗುರುತಾಗಿದೆ. ಫಲಕದ ಮೇಲೆ ಅವರ ಹೆಸರಿಟ್ಟು, ಒಳಗೆ ಮೂರು ವರ್ಷದ ಮಗುವಿನ ಕೈಹಿಡಿದು ನೂರು ಬಾರಿ ಒಂದೇ ಅಕ್ಷರ ತಿದ್ದಿಸುವುದೂ ಉಂಟು. ಇತ್ತ, 1975ರಲ್ಲಿ ದೇಶದ 33 ಕಡೆ ಆರಂಭವಾದ, ಕರ್ನಾಟಕದಲ್ಲಿ ತಿರುಮಕೂಡಲು ನರಸೀಪುರದಲ್ಲಿ ಮೊದಲು ನೆಲೆಗೊಂಡ ಅಂಗನವಾಡಿ ಯೋಜನೆಯ ಕೋಣೆಗಳಲ್ಲಿ ಬಡವರ ಮಕ್ಕಳು ಹಾಡುತ್ತಾರೆ, ಮಣಿ ಪೋಣಿಸುತ್ತಾರೆ, ಸಾಲಾಗಿ ಕುಳಿತು ಉಣ್ಣುತ್ತಾರೆ. ಅಲ್ಲಿ ಬರೀ ಆಡಿಸುತ್ತಾರೆ, ಏನೂ ಕಲಿಸುವುದಿಲ್ಲ ಎಂದು ನಾವು ಮೂಗುಮುರಿಯುತ್ತೇವೆ. ಸಾನ್ ಲೊರೆಂಜೊದ ಕೋಣೆಗೆ ಹೆಚ್ಚು ಹತ್ತಿರವಾದುದು ಇವೆರಡರಲ್ಲಿ ಯಾವುದೆಂದು ಪ್ರತಿಯೊಂದು ಮನೆಯೂ ಯೋಚಿಸಬೇಕು.

ಅಕ್ಷರ ಬೇಡವೆಂದು ನಾವು ಹೇಳುತ್ತಿಲ್ಲ. ಸಾನ್ ಲೊರೆಂಜೊದ ತಾಯಂದಿರು ಅದಕ್ಕಾಗಿ ಕೈಮುಗಿದಿದ್ದರು. ಅವರ ಹಂಬಲ ನ್ಯಾಯವಾದುದೇ, ನಮ್ಮದೂ ನ್ಯಾಯವಾದುದೇ. ಅವಸರ ಮಾತ್ರ ಬೇಡ. ಬಳಪ ಹಿಡಿಯುವ ಮೊದಲು ಆ ಕೈ ಹಿಟ್ಟು ನಾದಲಿ, ತೆಂಗಿನ ಗರಟೆಯಿಂದ ಮರಳು ಅಳೆಯಲಿ, ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳಲಿ. ಜಪಸರದ ಹೊತ್ತಿಗೆ ಮಗುವಿನ ಕೈಯಲ್ಲೊಂದು ಜಪಮಣಿ ಇರಲಿ. ಬಾಯಿ ಪ್ರಾರ್ಥನೆಯನ್ನು ಪೂರ್ತಿ ಹೇಳಲಾರದಿದ್ದರೂ ಬೆರಳು ಮಣಿಗಳನ್ನು ದಾಟುತ್ತಿರುತ್ತದೆ. ಮಗು ಬರೆದ ಗೀಚುಗಳನ್ನು ಒರೆಸುವ ಮೊದಲು ಅದೇನೆಂದು ಕೇಳೋಣ. ಅದು ಹೇಳುವುದನ್ನು ಕೊನೆಯವರೆಗೆ ಆಲಿಸೋಣ.

ಈ ಸಲದ ನೊವೆನಾದಲ್ಲಿ ಹೂಬುಟ್ಟಿ ಹಿಡಿದ ಮಗುವೊಂದು ನಮ್ಮ ಮುಂದೆ ನಿಂತಾಗ, ಹೆಸರು ಬರೆಯಲು ಬರುತ್ತದೆಯೇ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದೀತು. ಅದನ್ನು ನುಂಗಿಕೊಂಡು, ಈ ಹೂ ಎಲ್ಲಿ ಸಿಕ್ಕಿತು ಮಗೂ, ಎಂದು ಕೇಳಿ ನೋಡೋಣ. ಉತ್ತರ ಉದ್ದವಾದೀತು. ಕೇಳಲು ನಮಗೆ ಪುರಸೊತ್ತಿರಲಿ.